ತಲೆಕೆಳಗಾದ ಬ್ರಷ್‌ಗಳು

"ಅಮ್ಮಾ, ಬಣ್ಣದ ಆಂಟಿ ಬ್ರಷ್‌ಗಳನ್ನೆಲ್ಲ ಯಾಕೆ ತಲೆಕೆಳಗೆ ನೇತುಹಾಕಿದ್ದಾರೆ? ಅವೇನು ತಪ್ಪು ಮಾಡಿದ್ವು?" ಎಂದು ಮಗಳು ಕೇಳಿದಾಗ, ಬಟ್ಟೆ ಹರವುತ್ತಿದ್ದ ತಾಯಿಗೆ ನಗಲೂ ತ್ರಾಣವಿರಲಿಲ್ಲ. ಮದುವಣಗಿತ್ತಿಯರಿಗೆ ಮೇಕಪ್ ಮಾಡುವ ಈ ಪಕ್ಕದ ಮನೆಯ ಅಕ್ಕ ಸ್ವಂತ ಮುಖಕ್ಕೆ ತಣ್ಣೀರು ಬಿಟ್ಟು ಬೇರೇನನ್ನೂ ಸೋಕಿಸಿದವರಲ್ಲ. ಬೀದಿಯಲ್ಲಿ ಯಾರಾದರೂ ಹೊಸ ಚಪ್ಪಲಿ ಕೊಂಡರೆ ಸಾಕು, ಅದು ಕಾಲಿಗೆ ಹೊಂದುವ ಮೊದಲೇ ಅದರ ರಟ್ಟಿನ ಡಬ್ಬಿಗೆ ಇವರು ಕೈಚಾಚಿರುತ್ತಾರೆ. ಡಬ್ಬಿಗೆ ತೂತು ಕೊರೆದು, ತೂತಿಗೊಂದು ರಬ್ಬರ್ ಬ್ಯಾಂಡ್ ಬಿಗಿದು, ತೊಳೆದ ಬ್ರಷ್‌ಗಳನ್ನು ಕೂದಲು ಕೆಳಗಾಗಿ ಸಿಕ್ಕಿಸುತ್ತಾರೆ. "ನೀರು ಬುಡಕ್ಕಿಳಿದ್ರೆ ಅಂಟು ಬಿಟ್ಟು ಕೂದಲು ಉದುರುತ್ತೆ ಕಣೇ. ಅಂಗಡಿ ಸ್ಟ್ಯಾಂಡಿನ ರೇಟು ಕೇಳಿದ್ರೆ ನನ್ನ ಕೂದಲೇ ಉದುರುತ್ತೆ," ಎನ್ನುತ್ತಾರೆ. ರಟ್ಟು ನೆನೆದು ಕುಸಿದರೆ ಬೈಯುತ್ತಲೇ ಇನ್ನೊಂದಕ್ಕೆ ತೂತು ಕೊರೆಯುತ್ತಾರೆ. ಎಷ್ಟೇ ಸುಸ್ತಾಗಿ ಬಂದರೂ ಬ್ರಷ್ ತೊಳೆಯದೆ ಊಟಕ್ಕೆ ಕೂತವರಲ್ಲ. ಇವತ್ತು ಎಲ್ಲ ಬ್ರಷ್‌ಗಳೂ ತೊಟ್ಟಿಕ್ಕುತ್ತಿದ್ದರೆ, ತೀರಾ ಸಣ್ಣದೊಂದು ಮಾತ್ರ ಒಣಗಿದಂತೆಯೇ ಇತ್ತು. "ಕಣ್ಣಿಗೆ ಗೆರೆ ಎಳೆಯೋದನ್ನ ತೊಳೀಲಿಲ್ವಾ ಅಕ್ಕಾ?" ಎಂದು ತಾಯಿ ಪಕ್ಕದಂಗಳದಲ್ಲಿದ್ದ ಅಕ್ಕನನ್ನು ಕೇಳಿದಳು. ಅಕ್ಕ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. "ಮುಟ್ಟಿದ್ರೆ ತಾನೇ ತೊಳೆಯೋದು? ಕೈ ನಡುಗೋಕೆ ಶುರುವಾಗಿದೆ. ಆ ಗೆರೆ ಇವತ್ತು ಮದುಮಗಳ ಅತ್ತಿಗೆ ಎಳೆದ್ಲು. ಹೀಗೇ ಆದ್ರೆ ಇನ್ಯಾರು ನನ್ನ ಕರೀತಾರೆ?" ಎಂದವರು, ಆ ಸಣ್ಣ ಬ್ರಷ್ಷನ್ನು ಡಬ್ಬಿಯಿಂದ ಬಿಡಿಸಿಕೊಂಡು ಮೆಲ್ಲನೆ ಕೇಳಿದರು: "ದಿನಾ ಒಂದು ಗಳಿಗೆ ನನ್ನ ಮುಂದೆ ಕಣ್ಮುಚ್ಚಿ ಕೂತ್ಕೋತೀಯಾ? ಗೆರೆ ಎಳೆದು ಕೈ ಪಳಗಿಸ್ಕೋತೀನಿ. ಸೊಟ್ಟ ಆದ್ರೆ, ಚೆನ್ನಾಗಿದೆ ಅಂತ ಮಾತ್ರ ಸುಳ್ಳು ಹೇಳ್ಬೇಡ."