ಸಾಲಿಗೊಂದು ಸ್ಟಾರ್ಟ್

ಮೊನ್ನೆ ಬೆಳಿಗ್ಗೆ ವಿರಾಜಪೇಟೆಯ ಬಸ್ ಸ್ಟ್ಯಾಂಡಿಗೆ ನಡೆದು ಹೋಗುತ್ತಿದ್ದೆ. ಯಾರದೋ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ಅರ್ಧ ಸಿಹಿ, ಅರ್ಧ ಹುಳಿ ಹಿಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತಿತು. ರೈಟರ್ ಮಾಮ...

ಹುದಿಕೇರಿ ಕಡೆಯ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ಆ ವರ್ಷ ನಾನು ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದಿದ್ದೆ. ಮೂರನೇ ಸಲವೂ ಹೋದರೆ ನರ್ಸ್ ಆಗುವ ಆಸೆ ಬಿಟ್ಟು ಅಮ್ಮನ ಜೊತೆ ಕಾಫಿ ಹಣ್ಣು ಕೀಳುವ ಪಿಕ್ಕಿಂಗಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂರುವುದೇಕೆಂದು ಅದೇ ಎಸ್ಟೇಟಿನ ಕಣದಲ್ಲಿ ಸಾಲುಸಾಲಾಗಿ ಹರಡಿದ ಕಾಫಿ ಮಗುಚಲು ಹಚ್ಚಿದ್ದರು.

ಮಾಮ ನನ್ನ ಗ್ರಾಮರ್ ಪುಸ್ತಕವನ್ನು ಒಮ್ಮೆ ತಿರುವಿ ಹಾಗೇ ಹಿಂದಕ್ಕೆ ಕೊಟ್ಟರು. ಕೇರಳದವರಾದ ಅವರಿಗೆ ನಾವು ಹೆಣ್ಣುಮಕ್ಕಳೆಲ್ಲ 'ಮೋಳೆ', ಅಂದರೆ ಮಗಳೇ.

"ಇದು ಬೇಡ ಮೋಳೆ. ಸ್ಟಾರ್ಟ್ ಅಂತ ಒಂದು ಪದ ಉಂಟಲ್ಲ, ಅದು ನಿಂಗೆ ಗೊತ್ತುಂಟು. ಒಂದು ಸಾಲು ಮಗುಚು, ಕೊನೇಲಿ ನಿಂತು ಸ್ಟಾರ್ಟ್ ಹಾಕಿ ಒಂದು ಮಾತು ಹೇಳು. ನಿಜ ಆಗಿರ್ಬೇಕು. ಕಣ್ಣಲ್ಲಿ ಕಾಣದ ಆಳಿಗೆ ನಾನು ಹಾಜರಿ ಹಾಕುದಿಲ್ಲ."

'ಪಿಕ್ಕಿಂಗ್ ಸ್ಟಾರ್ಟೆಡ್ ಅಟ್ ಎಯ್ಟ್.' 'ಮೈ ಮದರ್ ಸ್ಟಾರ್ಟೆಡ್ ಶೌಟಿಂಗ್.' 'ದ ಜೀಪ್ ಡಿಡ್ ನಾಟ್ ಸ್ಟಾರ್ಟ್.' ಎಸ್ಟೇಟಿನ ಜೀಪು ದಿನಾ ಕೈಕೊಡುತ್ತಿದ್ದುದರಿಂದ ಈ ಕೊನೆಯ ವಾಕ್ಯ ನನಗೆ ಬಹಳ ಒದಗಿತು. ಒಂದು ದಿನ ಮೆಚ್ಚಲಿ ಎಂದು 'ಟುಮಾರೋ ಐ ವಿಲ್ ಸ್ಟಾರ್ಟ್ ಸ್ಟಡೀಯಿಂಗ್' ಎಂದೆ. ಮಾಮ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಾಳೇದು ಬೇಡ. ನಾಳೆಯ ಹಾಜರಿ ಇವತ್ತೇ ಹಾಕ್ಲಿಕ್ಕೆ ಆಗ್ತದಾ? ಇನ್ನೊಂದು ಸಾಲು ಮಗುಚು."

ಮಗುಚಿದೆ. ಮನಸ್ಸಿನಲ್ಲೇ ಬೈದುಕೊಂಡೆ ಕೂಡ.

ಕಾಫಿ ಒಣಗಿ ಮೂಟೆ ಕಟ್ಟುವ ಹೊತ್ತಿಗೆ ಇಂಗ್ಲಿಷಿನ ಹೆದರಿಕೆ ಹೋಗಿತ್ತು. ಪರೀಕ್ಷೆ ಬರೆದೆ. ಫಲಿತಾಂಶ ಬರುವ ಮೊದಲೇ ಮಾಮ ಕೆಲಸ ಬಿಟ್ಟು ಕೇರಳದ ಇರಿಟ್ಟಿ ಹತ್ತಿರದ ತಮ್ಮ ಊರಿಗೆ ಹೊರಟರು. ಬಸ್ಸು ಹತ್ತುವಾಗ, "ಪಾಸಾದ್ರೆ ನೀನೇ ಬಂದು ಹೇಳ್ಬೇಕು. ಕಾಗದ ಬೇಡ" ಎಂದರು.

ಪಾಸಾದೆ. ನರ್ಸೂ ಆದೆ. ಹೋಗಲಿಲ್ಲ. ಟ್ರೈನಿಂಗ್ ಮುಗಿಯಲಿ, ನೈಟ್ ಡ್ಯೂಟಿ ತಪ್ಪಲಿ, ಮಗು ಸ್ವಲ್ಪ ದೊಡ್ಡದಾಗಲಿ... ಇರಿಟ್ಟಿಗೆ ದಿನವೂ ಬಸ್ಸಿದೆ, ಅಷ್ಟೇನೂ ದೂರವೂ ಅಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ.

ಕಳೆದ ವಾರ ನಮ್ಮ ಆಸ್ಪತ್ರೆಗೆ ಅವರ ಊರಿನ ಹೆಂಗಸೊಬ್ಬರು ಬಂದಿದ್ದರು. ಆಸೆಯಿಂದ ವಿಚಾರಿಸಿದೆ. ಮಾಮ ತೀರಿಕೊಂಡು ಎರಡು ವರ್ಷವಾಯಿತಂತೆ.

ಮೊನ್ನೆ ನಾನು ಹೊರಟಿದ್ದು ಅವರ ಮನೆಗೇ. ಅವರ ಹೆಂಡತಿಗಾದರೂ ಹೇಳಿ ಬರೋಣವೆಂದು. ಬಸ್ಸು ಹೊರಟಾಗ ಬಾಯಿಗೆ ತಾನಾಗಿಯೇ ಬಂತು: 'ಐ ಸ್ಟಾರ್ಟೆಡ್ ಫ್ರಂ ಹೋಮ್ ಅಟ್ ಸಿಕ್ಸ್.' ಮಾತು ನಿಜವಾಗಿತ್ತು. ಹಾಜರಿ ಹಾಕಲು ಮಾಮ ಇರಲಿಲ್ಲ.