ಮನೆಮನೆಗೆ ಹೋಗಿ ಓದುವ ನಮ್ಮ ಪೊಲೀಸಪ್ಪ

ನಮ್ಮ ಮನೆಯವರು ಪೊಲೀಸು ಅಂದ ಕೂಡಲೇ ಜನ ದನಿ ತಗ್ಗಿಸುತ್ತಾರೆ. ಏನೂ ತಗ್ಗಿಸಬೇಕಾಗಿಲ್ಲ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಈ ಮನುಷ್ಯ ಒಬ್ಬ ಕಳ್ಳನನ್ನೂ ಹಿಡಿದಿಲ್ಲ, ಹಿಡಿದದ್ದೆಲ್ಲ ಬರೀ ಕಾಗದ. ಗಂಡು ಯಾರು, ಹೆಣ್ಣು ಯಾರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರನ್ನು ಏನೆನ್ನಬೇಕು, ಯಾರು ಯಾವ ಬಾಗಿಲಿಂದ ಒಳಗೆ ಹೋಗಬೇಕು ಅಂತ ಜನ ಫೋನಿನಲ್ಲಿ ಕಿತ್ತಾಡುತ್ತಾರಲ್ಲ, ಅದರಲ್ಲಿ ಯಾರಾದರೂ ಯಾರ ಮೇಲಾದರೂ ದೂರು ಕೊಟ್ಟರೆ ಇವರು ಹೊರಡಬೇಕು. ಬರೆದವರ ಮನೆಗೆ ಹೋಗಿ, ಅವರು ಬರೆದದ್ದನ್ನು ಅವರಿಗೇ ಗಟ್ಟಿಯಾಗಿ ಓದಿ, "ಇದು ನೀವು ಬರೆದದ್ದಾ?" ಅಂತ ಕೇಳಬೇಕು. ಏಳು ವರ್ಷದಿಂದ ಇದೇ ಕೆಲಸ. ಇದನ್ನು ನಾನು ನಮ್ಮ ತವರಿನಲ್ಲಿ ಬಿಡಿಸಿ ಹೇಳಲು ಹೋಗಿ ನಗೆಪಾಟಲಾಗಿದ್ದೇನೆ.

ಓದುವುದಾದರೂ ಸರಿಯಾಗಿ ಓದುತ್ತಾರೆಯೇ ಅಂದರೆ ಅದೂ ಇಲ್ಲ. ಹುಟ್ಟಾ ಸಂಕೋಚದ ಪ್ರಾಣಿ. ಕೆಟ್ಟ ಮಾತು ಬಂದರೆ ನಾಲಿಗೆ ಹೊರಳುವುದಿಲ್ಲ. "ಇಲ್ಲೊಂದು ಬೈಗುಳ ಇದೆ" ಅಂತ ಹೇಳಿ ಮುಂದಿನ ಸಾಲಿಗೆ ಹಾರುತ್ತಾರೆ. ಒಮ್ಮೆ ಒಬ್ಬ ನಿವೃತ್ತ ಅಂಚೆಯವರ ಮನೆಯಲ್ಲಿ ಹೀಗೆ ಹನ್ನೊಂದು ಸಲ ಹಾರಿ ಕಾಗದವೇ ಮುಗಿದುಹೋಯಿತಂತೆ. ಆ ಮುದುಕರ ಹೆಂಡತಿ, "ಅಷ್ಟೊಂದು ಬೈಗುಳ ಇವರಿಗೆ ಬರುತ್ತಾ? ಮನೇಲಿ ಬಾಯೇ ಬಿಡಲ್ಲವಲ್ಲ!" ಅಂತ ಬೆರಗಾದರಂತೆ. ಠಾಣೆಯಲ್ಲಿ ಇವರಿಗೆ ಹಾರುವ ಪೊಲೀಸ್ ಅಂತಲೇ ಹೆಸರು.

ಆ ಕಾಗದದ ಕೊನೆಯಲ್ಲಿ ಎರಡು ಚೌಕಗಳಿರುತ್ತವೆ. ಬರೆದದ್ದು ನಾನೇ ಅಂತ ಒಪ್ಪಿಕೊಂಡರೆ ಮೊದಲನೆಯದರಲ್ಲಿ ಗುರುತು ಹಾಕಿ ಸಹಿ ತೆಗೆದುಕೊಳ್ಳುತ್ತಾರೆ. "ಎಚ್ಚರಿಕೆ ನೀಡಲಾಗಿದೆ" ಅಂತ ಬರೆದು ಅವತ್ತೇ ಕಡತ ಮುಚ್ಚುತ್ತಾರೆ. ಕೇಸಿಲ್ಲ, ಕೋರ್ಟಿಲ್ಲ. ಒಪ್ಪದಿದ್ದರೆ ಎರಡನೆಯ ಚೌಕ. ಆಗ ಫೋನು ಜಪ್ತಿ, ತಪಾಸಣೆ, ತಿಂಗಳುಗಟ್ಟಲೆ ಅಲೆದಾಟ. ಜನ ಪೊಲೀಸರನ್ನು ಕಂಡೇ ಅರ್ಧ ಸತ್ತಿರುತ್ತಾರೆ. ಇವರಿಗೆ ಕರುಳು ಚುರುಕ್ ಅನ್ನುತ್ತಿತ್ತು. ಹಾಗಾಗಿ ಎಲ್ಲರಿಗೂ ಒಂದೇ ಮಾತು: "ಹೌದು ಅಂತ ಸಹಿ ಹಾಕಿಬಿಡಿ. ಬರೀ ಕಾಗದ. ನಾಳೆಗೆ ನೀವೂ ಮರೀತೀರಿ, ನಾವೂ ಮರೀತೀವಿ." ಏಳು ವರ್ಷದಲ್ಲಿ ಒಬ್ಬರ ಫೋನನ್ನೂ ಕಿತ್ತುಕೊಂಡಿಲ್ಲ ಅನ್ನುವುದು ಇವರ ಹೆಮ್ಮೆ. ನನಗೂ ಆ ಹೆಮ್ಮೆ ಇತ್ತು, ಸುಳ್ಳೇಕೆ ಹೇಳಲಿ.

ಈಗ ನನ್ನ ನಾದಿನಿಯ ವಿಷಯ. ಇವರಿಗೆ ಇರುವವಳು ಒಬ್ಬಳೇ ತಂಗಿ. ಅಪ್ಪ ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ, ಇವರಿಗೆ ಇಪ್ಪತ್ತೊಂದು. ಜಡೆ ಹೆಣೆಯುವುದನ್ನು ಪಕ್ಕದ ಮನೆಯವರಿಂದ ಕಲಿತು ತಂಗಿಯ ಜಡೆ ಹೆಣೆದು ಶಾಲೆಗೆ ಕಳಿಸಿದ ಮನುಷ್ಯ ಇವರು. ಅವಳು ಈಜು ಕಲಿತಳು, ಪದಕ ತಂದಳು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಈಜು ಟೀಚರ್ ಆದಳು. ಹದಿನಾಲ್ಕು ವರ್ಷ ಅದೇ ಕೊಳ, ಅದೇ ಸೀಟಿ. ಕೊಳದ ನೀರಿಗೆ ಹಾಕುವ ಔಷಧಿಯ ವಾಸನೆ ಅವಳ ಕೂದಲಿನಿಂದ ರಜೆಯಲ್ಲೂ ಹೋಗುವುದಿಲ್ಲ. ಮದುವೆ ಬೇಡ ಅಂದಳು, ಕೊಳ ಸಾಕು ಅಂದಳು. ಆ ಕೆಲಸ ಬಿಟ್ಟರೆ ಅವಳಿಗೆ ಬೇರೆ ಪ್ರಪಂಚ ಇಲ್ಲ.

ಅವಳ ಶಾಲೆಯ ಕೊಳವನ್ನು ಸಂಜೆ ಹೊತ್ತು ಊರಿನವರಿಗೂ ತೆರೆಯುವ ಯೋಜನೆ ಬಂತು. ಊರಿನವರ ಫೋನ್ ಗುಂಪಿನಲ್ಲಿ ಜಗಳ ಶುರುವಾಯಿತು. ಇವಳು ಬರೆದಳು: "ನನ್ನ ಹುಡುಗಿಯರು ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಟ್ಟಿನಿಂದ ಹೆಣ್ಣಾದವರು ಮಾತ್ರ ಇರಲಿ. ಉಳಿದವರಿಗೆ ಬೇರೆ ಕೋಣೆ ಕಟ್ಟಿಸಿ, ನಾನೇ ಮುಂದೆ ನಿಂತು ಕೇಳುತ್ತೇನೆ. ಆದರೆ ಗಂಡನ್ನು ಹೆಣ್ಣು ಅನ್ನು ಅಂದರೆ ನನ್ನಿಂದ ಆಗದು." ಆ ಕೊನೆಯ ಸಾಲು ಬೇಕಿರಲಿಲ್ಲ ಅಂತ ನಾನು ಅವತ್ತೇ ಅಂದೆ. "ಅನ್ನಿಸಿದ್ದು ಬರೆದೆ ಅತ್ತಿಗೆ, ನೀವು ಸುಮ್ನಿರಿ" ಅಂದಳು. ಒಂಬತ್ತನೇ ದಿನ ದೂರು ಬಂತು. ಕೊಟ್ಟವರು ಆ ಕೊಳವನ್ನು ಕಣ್ಣಿಂದಲೂ ಕಂಡವರಲ್ಲ, ಬರೆದದ್ದು ಫೋನಿಂದ ಫೋನಿಗೆ ಹರಿದು ತಲುಪಿದ ದೂರದ ಯಾವುದೋ ಊರಿನವರು.

ಸಂಬಂಧಿಕರ ಕಾಗದವನ್ನು ಬೇರೆಯವರಿಗೆ ಒಪ್ಪಿಸಬೇಕು ಅಂತ ನಿಯಮ ಇದೆ. ಇವರು ಒಪ್ಪಿಸಲಿಲ್ಲ. "ಆ ಹೊಸ ಸಬ್‌ಇನ್ಸ್‌ಪೆಕ್ಟರ್ ಹೋದ್ರೆ ಮೊದಲು ಫೋನ್ ಕಿತ್ಕೋತಾನೆ ಕಣೆ. ಅದರಲ್ಲಿ ಅವಳ ಮಕ್ಕಳ ಫೋಟೋ ಇದೆ, ಪೋಷಕರ ನಂಬರಿದೆ. ನಾನೇ ಹೋಗಿ ಮುಗಿಸಿ ಬರ್ತೀನಿ" ಅಂದರು. ನಾನೂ ಜೊತೆಗೆ ಹೋದೆ. ಅವಳ ಅಡುಗೆಮನೆಯ ಸಣ್ಣ ಮೇಜಿನ ಮೇಲೆ ಟೋಪಿ ಇಟ್ಟು, ಗಂಟಲು ಸರಿಮಾಡಿಕೊಂಡು, ತಂಗಿ ಬರೆದದ್ದನ್ನು ತಂಗಿಗೆ ಓದಿದರು.

"ಬೈಗುಳ ಏನೂ ಇಲ್ವಲ್ಲಣ್ಣ, ಹಾರೋಕೆ ಜಾಗಾನೇ ಸಿಗಲಿಲ್ಲ ನಿಂಗೆ!" ಅಂತ ಅವಳು ಬಿದ್ದು ಬಿದ್ದು ನಕ್ಕಳು.

"ತಮಾಷೆ ಸಾಕು, ಇಲ್ಲಿ ಸಹಿ ಹಾಕು."

"ಏನಾಗುತ್ತೆ ಹಾಕಿದ್ರೆ?"

"ಏನೂ ಆಗಲ್ಲ. ಬರೀ ಕಾಗದ."

ಅವಳು ಕಾಗದದ ಕಡೆ ನೋಡಲೂ ಇಲ್ಲ, ಒಲೆಯ ಮೇಲಿನ ಚಹಾ ನೋಡುತ್ತಲೇ ಸಹಿ ಹಾಕಿದಳು.

ನಾಲ್ಕು ತಿಂಗಳ ಮೇಲೆ, ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರ ಬಗ್ಗೆಯೂ ಪೊಲೀಸರಿಂದ ವರದಿ ತರಿಸಬೇಕು ಅಂತ ಶಾಲೆಗೆ ಹೊಸ ಆದೇಶ ಬಂತು. ವರದಿ ಅಂದರೆ ಒಂದೇ ಹಾಳೆ. ಹೆಸರು, ವಿಳಾಸ, ಆಮೇಲೆ "ದಾಖಲೆಗಳ ಸಂಖ್ಯೆ". ಅವಳ ಹೆಸರಿನ ಮುಂದೆ ಒಂದು ಅಂತಿತ್ತು. ಏನು ಬರೆದಳು, ಯಾಕೆ ಬರೆದಳು ಯಾವುದೂ ಇಲ್ಲ. ಸಮಿತಿ ಕೂತು ತೀರ್ಮಾನ ಮಾಡುವವರೆಗೆ ಕೊಳದ ಹತ್ತಿರ ಬರಬೇಡಿ ಅಂತ ಹೇಳಿ ಮನೆಗೆ ಕಳಿಸಿದರು.

ಇವರಿಗೆ ಆಕಾಶವೇ ತಲೆ ಮೇಲೆ ಬಿದ್ದಂತಾಯಿತು. ಕಾಗದ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಇಂಥ ಹಾಳೆಯಾಗಿ ಹೊರಬರುತ್ತದೆ ಅಂತ ಇಷ್ಟು ವರ್ಷ ಈ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತಲೂ ಅನ್ನಿಸಿರಲಿಲ್ಲ. ನಾನು ಬಾಯಿಗೆ ಬಂದಂತೆ ಅಂದೆ. "ಊರಿಗೆಲ್ಲ ಬರೀ ಕಾಗದ, ಬರೀ ಕಾಗದ ಅಂತ ಸಾರ್ಕೊಂಡು ಬಂದ್ರಲ್ಲ, ನೋಡಿ ಈಗ!" ಮಾರನೆಯ ದಿನ ಇವರು ದಾಖಲೆ ಅಳಿಸಲು ಹೋದರು. ಅಳಿಸುವ ಬಟನ್ನೇ ಇಲ್ಲವಂತೆ, ಸೇರಿಸುವುದು ಮಾತ್ರ ಇದೆಯಂತೆ. ಸರಿ, ಸೇರಿಸಿದರು. "ಸದರಿಯವರು ಸನ್ನಡತೆಯ ಶಿಕ್ಷಕಿ, ಬೆದರಿಕೆಯ ಮಾತಿಲ್ಲ" ಅಂತ. ವಾರ ಬಿಟ್ಟು ಇನ್ನೊಂದು: "ಪದಕ ವಿಜೇತೆ, ಹದಿನಾಲ್ಕು ವರ್ಷದ ನಿಷ್ಕಳಂಕ ಸೇವೆ." ಸಮಿತಿ ಕೂರುವ ಮೊದಲಿನ ದಿನ ಮೂರನೆಯದು: "ಇದು ಅಭಿಪ್ರಾಯ ಮಾತ್ರ, ಕ್ರಮದ ಅಗತ್ಯವಿಲ್ಲ." ಮನೆಗೆ ಬಂದು ನನಗೆ ಮೂರನ್ನೂ ಬಾಯಿಪಾಠ ಒಪ್ಪಿಸಿದರು. ಎಷ್ಟು ಚೆನ್ನಾಗಿ ಬರೆದಿದ್ದರು ಅಂದರೆ ನನಗೆ ಕಣ್ಣಲ್ಲಿ ನೀರು ಬಂತು.

ಆ ವಾರ ನಾನು ಟೈಲರ್ ಅಕ್ಕನ ಅಂಗಡಿಗೆ ಹೋಗಿದ್ದೆ. ಅವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವರು. ಹತ್ತು ವರ್ಷದಿಂದ ನನ್ನ ಬಟ್ಟೆ ಹೊಲಿಯುವುದು ಅವರೇ. ಕೂತ ಕೂಡಲೇ ಎಲ್ಲ ಹೇಳಿಬಿಟ್ಟೆ. ಹೇಳಿದ ಮೇಲೆ, ಅಯ್ಯೋ, ಯಾರ ಮುಂದೆ ಏನು ಹೇಳಿದೆ ಅಂತ ನಾಲಿಗೆ ಕಚ್ಚಿಕೊಂಡೆ.

ಅವರು ಹೊಲಿಗೆ ನಿಲ್ಲಿಸಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟರು.

"ನಿಮ್ಮ ನಾದಿನಿ ಬರೆದದ್ದು ನಾನೂ ಓದಿದ್ದೆ. ಆ ಕೊನೇ ಸಾಲು ನೋಡಿ ಎರಡು ದಿನ ಊಟ ಸೇರಲಿಲ್ಲ ನಂಗೆ. ಎದುರಿಗೆ ಸಿಕ್ಕಿದ್ರೆ ಜಗಳ ಆಡ್ತಿದ್ದೆ. ಆದ್ರೆ ಅವರ ಕೆಲಸ ಕಿತ್ಕೊಳ್ಳಿ ಅಂತ ನಾನು ಯಾರಿಗೂ ಹೇಳಿಲ್ಲಮ್ಮ."

"ಗೊತ್ತು ಅಕ್ಕ" ಅಂದೆ.

"ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಎರಡು ವರ್ಷದ ಹಿಂದೆ ಯಾರೋ ನಾಲ್ಕು ಜನ ಫೋನಲ್ಲಿ ನನ್ನ ಜನ್ಮ ಜಾಲಾಡಿದಾಗ, ನಾನೂ ಸಿಟ್ಟಲ್ಲಿ ಕೈಗೆ ಬಂದದ್ದು ಬರೆದೆ. ನಿಮ್ಮವರು ಬಂದಿದ್ರು. ಬೈಗುಳ ಹಾರಿಸಿ ಹಾರಿಸಿ ಓದಿದ್ರು, ಪಾಪ. ಬರೀ ಕಾಗದ ಅಂದ್ರು. ಆಸ್ಪತ್ರೆಯವರು ಸಮವಸ್ತ್ರ ಹೊಲಿಯೋಕೆ ಕೊಡ್ತಿದ್ರಲ್ಲ, ಈ ವರ್ಷ ವರದಿ ನೋಡಿ ನಿಲ್ಲಿಸಿಬಿಟ್ರು."

"ನಮಗೆ ಯಾಕೆ ಹೇಳಲಿಲ್ಲ?"

"ಹೇಳಿ ಏನು ಮಾಡಲಿ? ಅವರು ಒಳ್ಳೆಯವರು. ಒಳ್ಳೆಯವರ ಮೇಲೆ ಹೇಗಮ್ಮ ಜಗಳ ಆಡೋದು?"

ಅಳತೆ ಕೊಡದೆ ಬಂದುಬಿಟ್ಟೆ. ಹೀಗೆ ಇನ್ನೆಷ್ಟು ಮನೆಗಳಿವೆಯೋ. ಇವರಿಗೆ ಹೇಳಿದೆ. ಊಟದ ತಟ್ಟೆ ಮುಂದಿಟ್ಟುಕೊಂಡು ಕಲಸುತ್ತಲೇ ಇದ್ದರು, ಬಾಯಿಗೆ ಹೋಗಲಿಲ್ಲ. ಆಮೇಲೆ ಮೆಲ್ಲಗೆ ಇನ್ನೊಂದು ಹೇಳಿದರು. ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ವರದಿ ಮಾಡುವ ಕೋಣೆಯ ಗುಮಾಸ್ತರು ಅವತ್ತು ಮಧ್ಯಾಹ್ನ ಇವರನ್ನು ಕರೆದು ಕೇಳಿದರಂತೆ: "ಏನ್ರೀ, ಈಕೆಯ ಮೇಲೆ ಇಷ್ಟೊಂದು ಸೇರಿಸಿದ್ದೀರಲ್ಲ?" ಸೇರಿಸಿದ್ದು ಒಳ್ಳೆಯದೋ ಕೆಟ್ಟದ್ದೋ ಕಂಪ್ಯೂಟರಿಗೆ ತಿಳಿಯದು. ಸೇರಿಸಿದ್ದೆಲ್ಲ ಒಂದೊಂದು ದಾಖಲೆ. ಸಮಿತಿ ಕೂರುವ ಬೆಳಿಗ್ಗೆ ಶಾಲೆಯವರು ಹೊಸ ಹಾಳೆ ತರಿಸಿಕೊಂಡಿದ್ದರು, ಅದರಲ್ಲಿ ನಾಲ್ಕು ಅಂತಿತ್ತು.

ಇವರು ಇನ್ಸ್‌ಪೆಕ್ಟರರ ಹತ್ತಿರ ಹೋದರು. ನಿಯಮ ಮೀರಿ ನೀನೇ ಯಾಕೆ ಹೋದೆ ಅಂತ ಅವರು ಬೈದು ಕಳಿಸಿದರು. ಶಾಲೆಗೆ ಹೋದರು. ಪೊಲೀಸ್ ಇಲಾಖೆಯ ಪತ್ರವಿದ್ದರೆ ನೋಡೋಣ ಅಂದರು. ಮೇಲಿನ ಕಚೇರಿಗೆ ಪತ್ರ ಕೇಳಲು ಹೋದರೆ, ಅರ್ಜಿ ಕೊಡಿ, ಕಂಪ್ಯೂಟರಿಗೆ ಸೇರಿಸುತ್ತೇವೆ ಅಂದರಂತೆ. ಸೇರಿಸಬೇಡಿ ಸ್ವಾಮಿ ಅಂತ ಕೈ ಮುಗಿದು ಬಂದರು.

ಶನಿವಾರ ಹನ್ನೊಂದು ಗಂಟೆಗೆ ನಾದಿನಿ ಮನೆಗೆ ಬಂದಳು. ಕೈಯಲ್ಲಿ ಶಾಲೆಯ ಪತ್ರ. ಕೆಲಸ ಹೋಗಿತ್ತು. ಅತ್ತು ಅತ್ತು ಕಣ್ಣು ಊದಿದ್ದರೂ ಮುಖದಲ್ಲಿ ಏನೋ ಹಟ ಇತ್ತು. ಇವರು ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಅಣ್ಣ, ಹೆಡ್‌ಮಿಸ್ ನನ್ನ ಕೈ ಹಿಡ್ಕೊಂಡು ಅತ್ತರು. ಒಂದೇ ಒಂದು ಇದ್ದಿದ್ರೆ ಸಮಿತಿ ಬಿಟ್ಟುಬಿಡ್ತಿತ್ತಂತೆ. ಹಾಗಂತ ಮಾತೂ ಆಗಿತ್ತಂತೆ. ನಾಲ್ಕಿದೆ ಅಂದ ಮೇಲೆ ಯಾರೂ ಬಾಯಿ ಬಿಡಲಿಲ್ಲವಂತೆ."

ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಮೊದಲನೇದು ನಂಗೆ ಗೊತ್ತು. ಉಳಿದ ಮೂರು ಯಾರು ಹಾಕಿದ್ದು ಅಣ್ಣ? ಬಿಡದೆ ಬೆನ್ನು ಹತ್ತಿದ್ದಾರೆ, ಯಾರೋ ನನ್ನ ಹಾಳು ಮಾಡ್ಲೇಬೇಕು ಅಂತ ಕೂತಿದ್ದಾರೆ. ನೀನು ಅಲ್ಲೇ ಇರ್ತೀಯಲ್ಲ, ಹೆಸರು ನೋಡಿ ಹೇಳು. ನಾನು ಅವರನ್ನ ಸುಮ್ನೆ ಬಿಡಲ್ಲ."

ಇವರು, "ನಾನೇ ಕಣಮ್ಮ" ಅಂದರು. "ಒಳ್ಳೇದಾಗ್ಲಿ ಅಂತ ಬರೆದೆ. ಲೆಕ್ಕಕ್ಕೆ ಸೇರುತ್ತೆ ಅಂತ ಗೊತ್ತಿರಲಿಲ್ಲ."

"ಮೂರೂ?"

"ಮೂರೂ. ಮೊದಲನೇದಕ್ಕೂ ಸಹಿ ಹಾಕಿಸಿದ್ದು ನಾನೇ ತಾನೆ."

ಕಿರುಚುತ್ತಾಳೆ ಅಂತ ಕಾದೆ. ಕಿರುಚಿದ್ದರೆ ಚೆನ್ನಾಗಿತ್ತು, ನಾನೂ ಜೊತೆಗೆ ಸೇರಿಕೊಳ್ಳುತ್ತಿದ್ದೆ. ಅವಳು ಪತ್ರವನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಮಗುವಿನ ಹಾಗೆ ಕೇಳಿದಳು:

"ಹಾಗಾದ್ರೆ ನಾನೀಗ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ, ಅಣ್ಣ?"