ಭೂತಬಂಗಲೆಯ ಕಾಕು

ಮೊನ್ನೆ ಮೊಮ್ಮಗಳ ಕೈಜಾರಿ ಪೌಡರ್ ಡಬ್ಬಿ ಬಿತ್ತು. ಒದ್ದೆ ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದಾಗ ಆ ವಾಸನೆಗೆ ಬಾಜೂ ಮನೆಯ ಕಾಕು ನೆನಪಾದರು. ಪೌಡರ್ ವಾಸನೆಗೆ ಉಳಿದವರಿಗೆ ಕೂಸಿನ ತೊಟ್ಟಿಲು ನೆನಪಾಗಬಹುದು. ನನಗೆ ನೆನಪಾಗುವುದು ಭೂತ.

ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನೆಂಟರೇನಲ್ಲ. ಬಿಬವೇವಾಡಿಯ ಚಾಳಿನ ಸಾಲುಮನೆಗಳಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಅಥಣಿ ಕಡೆಯವರು, ನಾವು ವಿಜಯಪುರದವರು. ನಳದ ಹತ್ತಿರ ಎಲ್ಲರೊಡನೆ ಮರಾಠಿ, ನಾವಿಬ್ಬರೇ ಆದರೆ ಕನ್ನಡ. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಕಾಕು ಊರಾಚೆಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಕೆಲಸಕ್ಕೆ ನಿಂತರು. ಅಲ್ಲಿನ ಭೂತಬಂಗಲೆಯಲ್ಲಿ ಭೂತವಾಗುವ ಕೆಲಸ. ಮುಖಕ್ಕೆ ಪೌಡರ್ ಬಳಿದುಕೊಂಡು, ಕೂದಲು ಬಿಟ್ಟು, ಕರಿ ನಿಲುವಂಗಿ ತೊಟ್ಟು ಕತ್ತಲ ಮೂಲೆಯಲ್ಲಿ ನಿಲ್ಲುವುದು. ಜನ ಹತ್ತಿರ ಬಂದಾಗ ಎದುರಿಗೆ ಹಾರುವುದು.

ಮೊದಲ ದಿನವೇ ಪಾರ್ಕಿನವರು ಕುಂಕುಮ ಅಳಿಸು ಎಂದರಂತೆ. ಭೂತದ ಹಣೆಯಲ್ಲಿ ಕುಂಕುಮ ಇರುತ್ತದೆಯೇ ಎಂಬುದು ಅವರ ವಾದ. “ಹಾಸಿಗ್ಯಾಗರೆ ಇರ್ಲಿ, ನಮ್ಮನಿಯವ್ರು ಅದಾರಲ್ಲವಾ. ಹೆಂಗ ಅಳಸ್ಲಿ?” ಎಂದು ಕಾಕು ನನಗೆ ಆಮೇಲೆ ಹೇಳಿದರು. ಅಳಿಸುವ ಬದಲು ಕರಡಿಗೆಯ ಕುಂಕುಮವನ್ನು ಅಂಗೈಗೆ ಸುರಿದುಕೊಂಡು ಹಣೆ ತುಂಬ ಮೆತ್ತಿಕೊಂಡರಂತೆ. ಸಣ್ಣ ಬಲ್ಬಿನ ಮಬ್ಬು ಬೆಳಕಿನಲ್ಲಿ ಅದು ಪೌಡರಿಗಿಂತ ಭಯಂಕರ ಕಂಡಿತು. ಗಂಡಸರೂ ಚಪ್ಪಲಿ ಬಿಟ್ಟು ಓಡಿದರು. ಅಂದಿನಿಂದ ಅದೇ ಅವರ ವೇಷವಾಯಿತು. ಅದನ್ನೂ ಅವರು ದೇವರ ದಯೆಯ ಲೆಕ್ಕಕ್ಕೇ ಹಾಕಿದರು. ನಾನೂ ಅಷ್ಟೇ.

ಗುರುವಾರ ಅವರಿಗೆ ವಾರದ ಸೂಟಿ. ಆ ದಿನ ನಮ್ಮ ಮನೆಯಲ್ಲಿ ಕನ್ನಡ ಹೆಂಗಸರ ಭಜನೆ. ಕಾಕು ತಪ್ಪದೆ ಬರುತ್ತಿದ್ದರು. ನಮ್ಮ ಅತ್ತೆಗೆ ಮಾತ್ರ ಅವರನ್ನು ಕೆಣಕದಿದ್ದರೆ ಸಮಾಧಾನವಿರಲಿಲ್ಲ.

“ನೀ ತಾಳಾ ಹಿಡದ್ರ ವಿಠ್ಠಲ ಅಂಜಿ ಪಂಢರಪುರಕ್ಕ ಓಡ್ಯಾನು, ಹುಷಾರ್.”

“ಅಂವಾ ಟಿಕೀಟ್ ತೆಗಿಸಿಲ್ಲಲ್ರೀ ಆಯಿ. ತೆಗಿಸಿದವರನ್ನಷ್ಟ ಅಂಜಸ್ತೀನಿ.”

ಅತ್ತೆ ನಗುತ್ತಿದ್ದರು. ಆದರೆ ತಾಳವನ್ನು ಕಾಕುವಿನ ಕೈಗೆ ಕೊಡುತ್ತಿರಲಿಲ್ಲ.

ಮೊದಲು ಆ ಪಾರ್ಕಿನ ಗೇಟು ದಾಟಿದರೆ ಎದುರಿಗೇ ಭೂತಬಂಗಲೆ. ಬಾಯಿ ತೆರೆದ ದೊಡ್ಡ ರಾಕ್ಷಸನ ಮುಖ, ಆ ಬಾಯೊಳಗಿಂದಲೇ ಒಳಗೆ ಹೋಗಬೇಕು. ಆಮೇಲೆ ಮಾಲೀಕರು ಬದಲಾದರು, ಪಾರ್ಕಿನ ನಕ್ಷೆಯೂ ಬದಲಾಯಿತು. ಕಾರು ನಿಲ್ಲುವ ಕಡೆಗೆ ಹೊಸ ಗೇಟು ಬಂತು. ಒಳಗೆ ಕಾಲಿಟ್ಟರೆ ನೀರಿನ ಜಾರುಬಂಡಿ, ಅದರ ಪಕ್ಕ ಜನರನ್ನು ಆಕಾಶಕ್ಕೇರಿಸಿ ಧಡಕ್ಕನೆ ಕೆಳಗೆ ಬಿಡುವ ಕಂಬ, ಆಮೇಲೆ ತಿಂಡಿ ಅಂಗಡಿಗಳು. ಭೂತಬಂಗಲೆ ಹಿಂದುಗಡೆ ಜನರೇಟರಿನ ಬದಿಗೆ ಉಳಿಯಿತು. ನೀರಾಡಿ ದಣಿದವರು ಅಲ್ಲಿಯತನಕ ನಡೆಯುತ್ತಿರಲಿಲ್ಲ. ನಡೆದು ಬಂದವರೂ ಮೊಬೈಲಿನ ಟಾರ್ಚ್ ಹೊತ್ತಿಸಿ ಭೂತದ ಮುಖಕ್ಕೇ ಹಿಡಿಯುತ್ತಿದ್ದರಂತೆ. ಎತ್ತರದಿಂದ ಬೀಳುವ ಭಯ ಜನಕ್ಕೆ ಬೇಕಾಗಿತ್ತು, ಕತ್ತಲೆಯ ಭಯ ಸಾಕಾಗಿತ್ತೋ ಏನೋ…

ಬೇಸಿಗೆ ರಜೆಯ ಒಂದು ಭಾನುವಾರ ನಾನೇ ಬಂದು ನೋಡುತ್ತೇನೆ, ಬಾಗಿಲಲ್ಲಿ ಸಾಲು ಇದ್ದರೆ ಬಂಗಲೆ ಉಳಿಯಲಿ, ಇಲ್ಲದಿದ್ದರೆ ಕೆಡವೋಣ ಎಂದು ಹೊಸ ಮ್ಯಾನೇಜರ್ ಹೇಳಿದರು. ಕಾಕುವಿನ ವಯಸ್ಸಿನವರಿಗೆ ಹೊಸ ಆಟಗಳಲ್ಲಿ ಕೆಲಸವಿಲ್ಲ ಎಂದೂ ಹೇಳಿಬಿಟ್ಟಿದ್ದರು. ಗುರುವಾರ ಭಜನೆ ಮುಗಿದ ಮೇಲೆ ಕಾಕು ಈ ಸಂಗತಿ ಹೇಳಿದರು. ಔಷಧಿ, ಬಾಡಿಗೆ ಎಲ್ಲ ಆ ಕೆಲಸದ ಮೇಲೆಯೇ ನಿಂತಿತ್ತು. ಎಲ್ಲರಿಗಿಂತ ಮೊದಲು ಮಾತಾಡಿದವರು ಅತ್ತೆ.

“ನಡೀರಿ, ಎಲ್ಲಾರೂ ಹೋಗಿ ಅಂಜಿ ಬರೂಣು. ನಮ್ಮಾಕಿ ಕೆಲಸ ಅದ.”

ಹೀಗೆ ಆ ಭಾನುವಾರ ನಮ್ಮ ಇಡೀ ಭಜನಾ ಮಂಡಳಿ ಇಳಕಲ್ ಸೀರೆ ಉಟ್ಟು ರಾಕ್ಷಸನ ಬಾಯಿಯ ಮುಂದೆ ಸಾಲು ನಿಂತಿತು. ನಮ್ಮನ್ನು ನೋಡಿ ಇಲ್ಲೇನೋ ವಿಶೇಷವಿದೆ ಎಂದು ಬೇರೆಯವರೂ ಹಿಂದೆ ಬಂದು ನಿಂತರು. ಮ್ಯಾನೇಜರ್ ಹೊರಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಜೋರಾಗಿ ಚೀರಿರಿ, ಅವರಿಗೆ ಕೇಳಬೇಕು ಎಂದು ಕಾಕು ಮೊದಲೇ ಹೇಳಿಟ್ಟಿದ್ದರಿಂದ ನಾವು ಒಳಗೆ ಕಾಲಿಟ್ಟೊಡನೆ, ಭೂತ ಬರುವ ಮುಂಚೆಯೇ ಚೀರತೊಡಗಿದೆವು.

ನಡುವೆ ಅಲ್ಲಾಡುವ ಹಲಗೆಯ ನೆಲ ಇತ್ತು. ಅಲ್ಲಿ ಅತ್ತೆ ನಿಜವಾಗಿಯೂ ಹೆದರಿ ಕುಸಿದು ಕೂತರು. ವಿಠ್ಠಲ, ವಿಠ್ಠಲ ಎನ್ನುತ್ತಿದ್ದರು, ದನಿ ಹೊರಡುತ್ತಿರಲಿಲ್ಲ. ನಾನು ಎತ್ತಲು ನೋಡಿದೆ, ಆಗಲಿಲ್ಲ. ಹಿಂದಿನವರು ಇದೂ ಆಟವೇ ಎಂದುಕೊಂಡು ಇನ್ನೂ ಜೋರಾಗಿ ಚೀರಿದರು. ಆಗ ಮೂಲೆಯಿಂದ ಭೂತ ಬಂತು.

“ಆಯಿ, ನಾನ್ರೀ. ಕೈ ಹಿಡೀರಿ.”

ಅತ್ತೆಯ ಬಾಯಲ್ಲಿ ನಿಂತ ನಾಮವನ್ನು ಕಾಕು ತಾವೇ ಎತ್ತಿಕೊಂಡರು. ಗುರುವಾರದ್ದೇ ಧಾಟಿ. ರೂಢಿಯಂತೆ ನಾವೂ ದನಿಗೂಡಿಸಿದೆವು. ಭೂತ ಹೊರಬಾಗಿಲು ದಾಟಬಾರದು ಎಂಬುದು ಅಲ್ಲಿಯ ನೇಮ. ಕಾಕು ದಾಟಿದರು. ಉರಿಬಿಸಿಲಿಗೆ ಅತ್ತೆಯ ಕೈ ಹಿಡಿದ ಭೂತ, ಹಿಂದೆ ಭಜನೆ ಮಾಡುತ್ತ ನಾವು. ಸಾಲಿನಲ್ಲಿದ್ದ ಮಕ್ಕಳು ಮೊದಲು ಬೆಪ್ಪಾಗಿ ನೋಡಿದವು, ಆಮೇಲೆ ನಕ್ಕವು. ಭೂತ ಭಾರೀ ಒಳ್ಳೆಯದಿದೆ ಎಂದು ಯಾರೋ ಮರಾಠಿಯಲ್ಲಿ ಅಂದರು. ಇನ್ನು ಅಂಜುವುದೇನಿದೆ ಎಂದು ಸಾಲು ಕರಗಿ, ಮೇಲಿಂದ ಕೆಳಗೆ ಬಿಡುವ ಆ ಕಂಬದ ಕಡೆಗೆ ಹೋಯಿತು. ಮ್ಯಾನೇಜರ್ ಕೂಡ ನಕ್ಕು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಆ ರಜೆ ಮುಗಿಯುವುದರೊಳಗೆ ಬಂಗಲೆ ಕೆಡವಿದರು.

ಅತ್ತೆಯನ್ನು ಎಬ್ಬಿಸಿ ನನಗೆ ಒಪ್ಪಿಸಿ ನೀವು ಒಳಗೇ ಉಳಿಯಬಹುದಿತ್ತಲ್ಲ ಎಂದು ನಾನು ಒಮ್ಮೆ ಕೇಳಿದೆ. ಕಾಕು ಪಾತ್ರೆ ತಿಕ್ಕುತ್ತಿದ್ದರು.

“ಅಂಜಸೂದು ನನ್ನ ಕೆಲಸ ಖರೆ. ಅಂಜಿ ಕುಂತಾಕೀನ್ನ ಬಿಟ್ಟು ಹೆಂಗ ನಿಂದರ್ಲಿ ತಂಗಿ?”

ಆ ಭಾನುವಾರದ ಮುಂದಿನ ಗುರುವಾರ ಅತ್ತೆ ತಾವೇ ತಾಳವನ್ನು ಕಾಕುವಿನ ಮುಂದಿಟ್ಟರು. ಕೆಲಸ ಹೋಗಿ ಕಾಕುವಿಗೆ ಕೆಲವು ತಿಂಗಳು ಕಷ್ಟವೇ ಆಯಿತು. ಆಮೇಲೆ ಉಡುಪಿ ಕಡೆಯವರೊಬ್ಬರ ಹೋಟೆಲಿನಲ್ಲಿ ಚಪಾತಿ ಲಟ್ಟಿಸುವ ಕೆಲಸ ಸಿಕ್ಕಿತು, ಗಂಡನ ಔಷಧಿ ನಿಲ್ಲಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಗಂಡ ತೀರಿದ ಮೇಲೆ ಅವರು ಶಿರೂರಿನ ತಮ್ಮನ ಮನೆಗೆ ಹೋದರು. ಫೋನು ಬರುತ್ತಿತ್ತು, ಆಮೇಲೆ ಕಡಿಮೆಯಾಯಿತು… ಅವರು ತೀರಿಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ದಿನಕರ್ಮಗಳೂ ಮುಗಿದಿದ್ದವು.

ಈ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಮಾಲಿನೊಳಗಿನ ಆಟದ ಜಾಗಕ್ಕೆ ಕರೆದೊಯ್ದಿದ್ದೆ. ಅಲ್ಲೊಂದು ಭೂತದ ಮನೆಯಿದೆ, ಏಸಿ ಹಾಕಿದ್ದಾರೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಮಗು ಅಂಜಿ ನೆಲಕ್ಕೆ ಕೂತುಬಿಟ್ಟಿತು. ನಾನು ಕತ್ತಲ ಮೂಲೆಯ ಕಡೆ ತಿರುಗಿ, ಯಾರರೆ ಬರ್ರಿ ಎಂದು ಕೂಗಿದೆ. ಅಲ್ಲಿದ್ದ ಗೊಂಬೆ ಕೈ ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ಕೊನೆಗೆ ಮಗುವನ್ನು ನಾನೇ ಎತ್ತಿಕೊಂಡು ನಾಮ ಹೇಳುತ್ತ ಹೊರಬಂದೆ.

ಬಾಗಿಲಲ್ಲಿದ್ದ ಹುಡುಗಿ ಒಳ್ಳೆಯವಳು. ಮಗುವಿಗೆ ನೀರು ಕೊಟ್ಟಳು. ಹೆದರಬೇಡಿ ಆಜಿ, ಒಳಗೆ ಯಾರೂ ಇರುವುದಿಲ್ಲ, ಎಲ್ಲ ಮಷೀನು ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದಳು.

ಹೌದಮ್ಮಾ, ಯಾರೂ ಇಲ್ಲ, ಎಂದೆ.